ಚಾರ್ಲಿ ಕ್ರಿಶ್ಚಿಯನ್: ತಂತಿಗೆ ದನಿಯಿತ್ತ ಗಿಟಾರ್ ವಾದಕ

ಇಂದು ಗಿಟಾರ್ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ವೇದಿಕೆಯ ನಡುವೆ ನಿಂತು, ಸಾವಿರಾರು ಜನ ಕೇಳುವಂತೆ ನುಡಿಸುವ ವಾದಕನ ಚಿತ್ರ. ಚಲಚ್ಚಿತ್ರದ ಹಾಡುಗಳಲ್ಲಿ ಅದರ ದನಿಯನ್ನು ನಾವು ಕೇಳದ ದಿನವಿಲ್ಲ. ಆದರೆ 1930ರ ದಶಕದ ಅಮೆರಿಕದಲ್ಲಿ ಈ ವಾದ್ಯದ ಸ್ಥಾನವು ಹೀಗಿರಲಿಲ್ಲ. ಹನ್ನೆರಡು ಹದಿನೈದು ಮಂದಿಯ ವಾದ್ಯವೃಂದದಲ್ಲಿ ತುತ್ತೂರಿಗಳೂ ಸ್ಯಾಕ್ಸೊಫೋನುಗಳೂ ಮೊಳಗುತ್ತಿರುವಾಗ, ಗಿಟಾರಿನವನು ಹಿಂದಿನ ಸಾಲಿನಲ್ಲಿ ಕುಳಿತು ತಾಳಕ್ಕೆ ಸರಿಯಾಗಿ ತಂತಿಗಳನ್ನು ಮೀಟುತ್ತಿದ್ದನು. ಅವನು ಇದ್ದಾನೆಂಬುದು ಜೊತೆಗಾರರಿಗೆ ತಿಳಿಯುತ್ತಿತ್ತೇ ಹೊರತು ಸಭೆಗೆ ತಿಳಿಯುತ್ತಿರಲಿಲ್ಲ. ಅವನನ್ನು ಅಲ್ಲಿಂದ ಎಬ್ಬಿಸಿ ಮುಂದಿನ ಸಾಲಿಗೆ ತಂದವರಲ್ಲಿ ಮುಖ್ಯನಾದವನು ಚಾರ್ಲಿ ಕ್ರಿಶ್ಚಿಯನ್. ಅವನು ಬದುಕಿದ್ದು ಇಪ್ಪತ್ತೈದೇ ವರ್ಷ. ಹೆಸರಾಂತ ವೃಂದದಲ್ಲಿ ನುಡಿಸಿದ್ದು ಎರಡು ವರ್ಷಕ್ಕೂ ಕಡಿಮೆ. ಅಷ್ಟರಲ್ಲಿ ತನಗೆ ಬೇಕಾದ ನಾದ ಯಾವುದೆಂದು ಅವನು ಹೇಗೆ ಅರಿತನು, ಅದಕ್ಕೆ ತಕ್ಕ ಸಲಕರಣೆಯನ್ನು ಹೇಗೆ ಹಿಡಿದನು ಎಂಬ ಕಥೆಯನ್ನು ಇಲ್ಲಿ ವಾಚಕರ ಮುಂದಿಡುತ್ತೇವೆ.

ಚಾರ್ಲಿಯು 1916ನೆಯ ಜುಲೈ 29ರಂದು ಟೆಕ್ಸಾಸ್ ಸಂಸ್ಥಾನದ ಬಾನಮ್ ಎಂಬ ಊರಿನಲ್ಲಿ, ಕಪ್ಪು ಜನಾಂಗದ ಬಡ ಕುಟುಂಬವೊಂದರಲ್ಲಿ ಹುಟ್ಟಿದನು. ಅವನಿನ್ನೂ ಮಗುವಾಗಿರುವಾಗಲೇ ಆ ಸಂಸಾರವು ಓಕ್ಲಹೋಮ ಪಟ್ಟಣಕ್ಕೆ ವಲಸೆ ಬಂದಿತು. ತಂದೆಯು ಜ್ವರದಿಂದ ಕಣ್ಣು ಕಳೆದುಕೊಂಡಿದ್ದನು. ಆದರೂ ಕೈಯಲ್ಲಿ ವಿದ್ಯೆಯಿತ್ತು; ಗಿಟಾರ್ ನುಡಿಸಬಲ್ಲವನಾಗಿದ್ದನು. ಮೂವರು ಗಂಡುಮಕ್ಕಳನ್ನು ಕಟ್ಟಿಕೊಂಡು ಅವನು ಸಿರಿವಂತರ ಬೀದಿಗಳಿಗೆ ಹೋಗಿ, ಮನೆಗಳ ಮುಂದೆ ನುಡಿಸಿ, ಕೊಟ್ಟುದನ್ನು ಪಡೆದು ಮನೆ ನಡೆಸುತ್ತಿದ್ದನು. ಎಲ್ಲರಿಗಿಂತ ಕಿರಿಯನಾದ ಚಾರ್ಲಿಯ ಮೊದಲ ಕೆಲಸವು ವಾದ್ಯ ನುಡಿಸುವುದಾಗಿರಲಿಲ್ಲ. ತಂದೆ ಮತ್ತು ಅಣ್ಣಂದಿರ ಸಂಗೀತಕ್ಕೆ ಕುಣಿಯುವುದಾಗಿತ್ತು. ಅವನಿಗೆ ಹನ್ನೆರಡು ವರ್ಷವಾದಾಗ ತಂದೆಯು ತೀರಿಕೊಂಡನು. ಮಗನಿಗೆ ಉಳಿದ ಆಸ್ತಿಯೆಂದರೆ ತಂದೆಯ ವಾದ್ಯಗಳು.

ಆ ಕಾಲದ ಕಟ್ಟಳೆಯಂತೆ ಕಪ್ಪು ಮಕ್ಕಳಿಗೆ ಬೇರೆಯೇ ಶಾಲೆ. ಚಾರ್ಲಿಯು ಓದಿದ ಡಗ್ಲಸ್ ಶಾಲೆಯಲ್ಲಿ ಜೀಲಿಯಾ ಬ್ರೋ ಎಂಬ ದಕ್ಷಳಾದ ಸಂಗೀತದ ಅಧ್ಯಾಪಿಕೆಯಿದ್ದಳು. ಮುಂದೆ ಪ್ರಸಿದ್ಧ ಕಾದಂಬರಿಕಾರನಾದ ರಾಲ್ಫ್ ಎಲಿಸನ್ನನೂ ಅದೇ ಶಾಲೆಯ ವಿದ್ಯಾರ್ಥಿ. ಕೈಗೆಲಸದ ತರಗತಿಯಲ್ಲಿ ಚಾರ್ಲಿಯು ಚುಟ್ಟಾ ಪೆಟ್ಟಿಗೆಗಳಿಗೆ ತಂತಿ ಬಿಗಿದು ಗಿಟಾರ್ ಮಾಡಿ ಸಹಪಾಠಿಗಳನ್ನು ಬೆರಗುಗೊಳಿಸುತ್ತಿದ್ದ ಸಂಗತಿಯನ್ನು ಎಲಿಸನ್ನನು ಬರೆದಿಟ್ಟಿದ್ದಾನೆ. ಆದರೆ ಹುಡುಗನ ಮನಸ್ಸು ಇದ್ದುದು ಟೆನರ್ ಸ್ಯಾಕ್ಸೊಫೋನಿನ ಮೇಲೆ. ಅಧ್ಯಾಪಿಕೆಯು ತುತ್ತೂರಿಯನ್ನು ಕಲಿಯಲು ಹೇಳಿದಾಗ ಅವನು ಒಪ್ಪದೆ, ಸಂಗೀತದ ತರಗತಿಯನ್ನೇ ಬಿಟ್ಟು ಬೇಸ್‌ಬಾಲ್ ಆಟಕ್ಕೆ ಹೋದನಂತೆ. ಇದೇ ಸಮಯಕ್ಕೆ, 1929ರಲ್ಲಿ, ಲೆಸ್ಟರ್ ಯಂಗ್ ಎಂಬ ಸ್ಯಾಕ್ಸೊಫೋನ್ ವಾದಕನು ಆ ಊರಿಗೆ ಬಂದನು. ಉಸಿರು ಕಡಿಯದ ಮಾತಿನಂತೆ ಹರಿಯುವ ಅವನ ವಾದನವು ಊರಿನ ಎಳೆಯ ವಾದಕರನ್ನೆಲ್ಲ ಸೆರೆಹಿಡಿಯಿತು. ಚಾರ್ಲಿಯ ಕೈಯಲ್ಲಿದ್ದುದು ಗಿಟಾರ್, ಕಿವಿಯಲ್ಲಿ ನಿಂತುದು ಸ್ಯಾಕ್ಸೊಫೋನ್. ಅವನ ಮುಂದಿನ ಆಯ್ಕೆಗಳಿಗೆಲ್ಲ ಮೂಲ ಇದೇ.

ತೊಡಕೂ ಇಲ್ಲಿಯೇ ಇತ್ತು. ಸ್ಯಾಕ್ಸೊಫೋನಿನವನು ಉಸಿರು ಇರುವಷ್ಟು ಕಾಲ ಒಂದು ಸ್ವರವನ್ನು ಹಿಡಿದು ನಿಲ್ಲಿಸಬಲ್ಲನು. ಮರದ ಗಿಟಾರಿನ ಸ್ವರವಾದರೋ ಮೀಟಿದ ಮರುಗಳಿಗೆಯಲ್ಲಿ ಸೊರಗುತ್ತದೆ. ನಾಲ್ಕು ಜನರ ನಡುವೆ ಅದು ಸೊಗಸು. ಹದಿನೈದು ವಾದ್ಯಗಳ ನಡುವೆ ಅದು ಕೇಳಿಸದು. ಮೈಕ್ರೊಫೋನನ್ನು ಎದುರಿಗಿಟ್ಟರೂ ಅದು ಗಿಟಾರಿನ ಜೊತೆಗೆ ಸುತ್ತಲಿನ ಸದ್ದನ್ನೆಲ್ಲ ಎಳೆದುಕೊಳ್ಳುತ್ತಿತ್ತು.

ಇದಕ್ಕೆ ಪರಿಹಾರವಾಗಿ ಬಂದುದೇ ಪಿಕಪ್ ಎಂಬ ಸಾಧನ. ಅದರ ಮರ್ಮ ಸರಳವಾದುದು. ಅಯಸ್ಕಾಂತವೊಂದಕ್ಕೆ ಸೇರಿದ ಉಕ್ಕಿನ ಸುತ್ತ ಕೂದಲಿನಷ್ಟು ತೆಳುವಾದ ತಾಮ್ರದ ತಂತಿಯನ್ನು ಸುರುಳಿಯಾಗಿ ಸುತ್ತಿ, ಅದನ್ನು ಗಿಟಾರಿನ ತಂತಿಗಳ ಕೆಳಗೆ ಕೂರಿಸುತ್ತಾರೆ. ಉಕ್ಕಿನ ತಂತಿಯು ಮೇಲೆ ಅದುರಿದಾಗ ಅಯಸ್ಕಾಂತದ ಕ್ಷೇತ್ರವು ಅಲುಗಿ, ಸುರುಳಿಯಲ್ಲಿ ಸಣ್ಣ ವಿದ್ಯುತ್ತು ಹುಟ್ಟುತ್ತದೆ. ಧ್ವನಿವರ್ಧಕದ ಪೆಟ್ಟಿಗೆಯು ಆ ವಿದ್ಯುತ್ತನ್ನು ಹಿಗ್ಗಿಸಿ ಮತ್ತೆ ನಾದವಾಗಿ ಮಾಡುತ್ತದೆ. ಮೈಕ್ರೊಫೋನು ಗಾಳಿಯನ್ನು ಕೇಳುತ್ತದೆ. ಪಿಕಪ್ ತಂತಿಯನ್ನೇ ಕೇಳುತ್ತದೆ. ಆದುದರಿಂದಲೇ ಕರುಳಿನ ತಂತಿಯಿದ್ದರೆ ಅದು ಮೂಕ.

ಇಂಥ ವಾದ್ಯವು 1932ರಲ್ಲಿ ಅಮೆರಿಕದ ಅಂಗಡಿಗಳಿಗೆ ಬಂದಿತು. ಅದು ತೊಡೆಯ ಮೇಲಿಟ್ಟು ನುಡಿಸುವ ಹವಾಯಿ ಮಾದರಿಯದು. ಎಲ್ಲರೂ ಬಲ್ಲ ಆಕಾರದ ಗಿಟಾರಿಗೆ ಪಿಕಪ್ ಜೋಡಿಸಿ, ಮಿಚಿಗನ್ ಸಂಸ್ಥಾನದ ಗಿಬ್ಸನ್ ಕಂಪನಿಯು 1936ರಲ್ಲಿ ಇ.ಎಸ್.-150 ಎಂಬುದನ್ನು ಮಾರಾಟಕ್ಕೆ ತಂದಿತು. ಗಿಟಾರ್, ಧ್ವನಿವರ್ಧಕ, ನಡುವಿನ ತಂತಿ ಎಲ್ಲ ಸೇರಿ ಸುಮಾರು 150 ಡಾಲರ್. ಹೆಸರಿನೊಳಗಿನ ಅಂಕಿಯೂ ಅದೇ. ಕಂಪನಿಯ ವಾಲ್ಟರ್ ಫುಲ್ಲರ್ ಎಂಬವನು ರೂಪಿಸಿದ ಆ ಪಿಕಪ್ಪಿನಲ್ಲಿ ಆರು ತಂತಿಗಳಿಗೂ ಸೇರಿ ಒಂದೇ ಉಕ್ಕಿನ ಅಲಗು. ಉದ್ದವಾದ ಎರಡು ಭಾರದ ಅಯಸ್ಕಾಂತಗಳು ಗಿಟಾರಿನ ಒಡಲೊಳಗೆ ಮರೆಯಾಗಿದ್ದು, ಅವನ್ನು ಹಿಡಿದಿರುವ ಮೂರು ತಿರುಪುಗಳ ತಲೆಗಳು ಮಾತ್ರ ಹೊರಗೆ ಕಾಣುತ್ತವೆ.

ಕೌಂಟ್ ಬೇಸಿಯ ವೃಂದದಲ್ಲಿದ್ದ ಎಡ್ಡಿ ಡರ್ಹಮ್ ಎಂಬ ವಾದಕನು 1937ರ ಸುಮಾರಿಗೆ ಓಕ್ಲಹೋಮಕ್ಕೆ ಬಂದಿದ್ದಾಗ ಚಾರ್ಲಿಗೆ ವಿದ್ಯುತ್ ಗಿಟಾರಿನ ದಾರಿ ತೋರಿಸಿದನೆಂದು ಹೇಳುತ್ತಾರೆ. ಅಲ್ಲಿಂದ ಮುಂದೆ ಚಾರ್ಲಿಯ ಕೈಯಲ್ಲಿ ಇ.ಎಸ್.-150 ಕಾಣಿಸಿಕೊಳ್ಳುತ್ತದೆ. ಈ ವಾದ್ಯವು ಅವನಿಗೆ ಒಗ್ಗಿದುದು ಏಕೆ? ಅದರ ಪಿಕಪ್ ಇದ್ದುದು ತಂತಿಗಳನ್ನು ಹೊರುವ ಕುದುರೆಯ ಪಕ್ಕದಲ್ಲಲ್ಲ, ಬೆರಳು ಒತ್ತುವ ಪಟ್ಟಿಯು ಮುಗಿಯುವ ಕಡೆಯಲ್ಲಿ. ಕುದುರೆಯ ಹತ್ತಿರ ತಂತಿಯು ಬಿಗಿಯಾಗಿದ್ದು, ಅಲ್ಲಿ ಹಿಡಿದ ನಾದವು ತೆಳುವಾಗಿ ಹರಿತವಾಗಿರುತ್ತದೆ. ಪಟ್ಟಿಯ ಕಡೆಗೆ ತಂತಿಯ ತೂಗು ದೊಡ್ಡದು. ಮೂಲಸ್ವರವು ಅಲ್ಲಿ ತುಂಬಿಕೊಂಡು, ನಾದವು ದುಂಡಗೆ ಬರುತ್ತದೆ. ಸ್ಯಾಕ್ಸೊಫೋನಿನ ಕಂಠವನ್ನು ಬಯಸಿದವನಿಗೆ ಬೇಕಾದುದು ಇದೇ. ಚಾರ್ಲಿಯು ಕೈಯಲ್ಲಿನ ಸಣ್ಣ ಬಿಲ್ಲೆಯಿಂದ ತಂತಿಯನ್ನು ಬಹುಮಟ್ಟಿಗೆ ಮೇಲಿನಿಂದ ಕೆಳಕ್ಕೇ ಮೀಟುತ್ತಿದ್ದನು. ಆದುದರಿಂದ ಪ್ರತಿಯೊಂದು ಸ್ವರಕ್ಕೂ ಒಂದೇ ತೂಕವಿರುತ್ತಿತ್ತು. ಅಂದಿನ ಧ್ವನಿವರ್ಧಕಗಳು ನಮ್ಮ ಹಳೆಯ ರೇಡಿಯೋಗಳಂತೆ ವಾಲ್ವುಗಳಿಂದ ನಡೆಯುವಂಥವು. ಅವುಗಳ ಶಕ್ತಿ ಹೆಚ್ಚಿನದಲ್ಲ. ತುಂಬ ಏರಿಸಿದರೆ ನಾದಕ್ಕೆ ತುಸು ಒರಟು ಕಾವು ಬರುತ್ತಿತ್ತು. ಅದೂ ಅವನ ದನಿಯ ಭಾಗವಾಯಿತು.

1939ರಲ್ಲಿ ಚಾರ್ಲಿಯು ಓಕ್ಲಹೋಮದ ರಿಟ್ಜ್ ಕೆಫೆಯಲ್ಲಿ ರಾತ್ರಿಗೆ ಎರಡೂವರೆ ಡಾಲರಿಗೆ ನುಡಿಸುತ್ತಿದ್ದನು. ಆ ಸಂಬಳದ ಲೆಕ್ಕದಲ್ಲಿ ಇ.ಎಸ್.-150ರ ಬೆಲೆಯೆಂದರೆ ಅರವತ್ತು ರಾತ್ರಿಗಳ ದುಡಿಮೆ. ಪಿಯಾನೋ ವಾದಕಿ ಮೇರಿ ಲೂ ವಿಲಿಯಮ್ಸಳ ಮಾತು ಕೇಳಿ, ಪ್ರತಿಭೆಗಳನ್ನು ಅರಸುತ್ತಿದ್ದ ಜಾನ್ ಹ್ಯಾಮಂಡನು ಅಲ್ಲಿಗೆ ಬಂದು ಈ ಯುವಕನನ್ನು ಕೇಳಿದನು. ಸ್ವಿಂಗ್ ಸಂಗೀತದ ದೊರೆಯೆನಿಸಿದ್ದ ಕ್ಲಾರಿನೆಟ್ ವಾದಕ ಬೆನ್ನಿ ಗುಡ್‌ಮನ್ನನಿಗೆ ಅವನನ್ನು ತೋರಿಸಬೇಕೆಂದು ಲಾಸ್ ಏಂಜಲಿಸ್‌ಗೆ ಕರೆಸಿಕೊಂಡನು.

ಆಗಸ್ಟ್ 16ರಂದು ನಡೆದ ಪರೀಕ್ಷೆಯು ಪರೀಕ್ಷೆಯೇ ಆಗಿರಲಿಲ್ಲ. ಅಗ್ಗದ ಬಣ್ಣಬಣ್ಣದ ಉಡುಪು ತೊಟ್ಟು ಬಂದ ಹಳ್ಳಿಗನನ್ನು ಕಂಡು ಗುಡ್‌ಮನ್ನನು ಮೊಗ ತಿರುಗಿಸಿದನು. ಧ್ವನಿವರ್ಧಕವನ್ನು ಜೋಡಿಸಲು ಕೂಡ ಅವಕಾಶ ಕೊಡದೆ, ಬರಿಯ ಮರದ ಗಿಟಾರಿನಂತೆ ತುಸು ತಾಳ ಹಾಕಿಸಿ ಕಳುಹಿಸಿಬಿಟ್ಟನೆಂದು ಹ್ಯಾಮಂಡನ ಹೇಳಿಕೆ. ವಾದಕನ ದನಿ ಯಾವುದರಲ್ಲಿತ್ತೋ ಅದನ್ನೇ ಬಿಚ್ಚಿಟ್ಟು ಅವನ ಬೆಲೆ ಕಟ್ಟಿದಂತಾಯಿತು.

ಅದೇ ರಾತ್ರಿ ಬೆವರ್ಲಿ ಹಿಲ್ಸಿನ ವಿಕ್ಟರ್ ಹ್ಯೂಗೋ ಎಂಬ ಉಪಾಹಾರ ಮಂದಿರದಲ್ಲಿ ಗುಡ್‌ಮನ್ನನ ಕಚೇರಿಯಿತ್ತು. ನಡುವೆ ಅವನು ಊಟಕ್ಕೆ ಎದ್ದುಹೋದ ಸಮಯ ನೋಡಿ, ಹ್ಯಾಮಂಡನೂ ವೃಂದದವನೊಬ್ಬನೂ ಚಾರ್ಲಿಯ ಧ್ವನಿವರ್ಧಕವನ್ನು ಹೊತ್ತುಕೊಂಡು ಅಡುಗೆಮನೆಯ ಮಾರ್ಗವಾಗಿ ಒಳಗೆ ತಂದು ವೇದಿಕೆಯ ಮೇಲಿಟ್ಟರು. ನಮ್ಮ ವಾಚಕರಲ್ಲಿ ಹೋಟೆಲುಗಳಲ್ಲಿ ದುಡಿಯುವವರು ಅನೇಕರು; ಮುಂಬಾಗಿಲಿನಿಂದ ಬರಲು ಎಡೆಯಿಲ್ಲದವನಿಗೆ ಅಡುಗೆಮನೆಯ ಬಾಗಿಲು ಏನೆಂಬುದನ್ನು ಅವರಿಗೆ ನಾವು ವಿವರಿಸಬೇಕಾಗಿಲ್ಲ. ಮರಳಿ ಬಂದ ಗುಡ್‌ಮನ್ನನು ಕೆರಳಿದರೂ ಸಭೆಯ ಮುಂದೆ ಏನೂ ಮಾಡುವಂತಿರಲಿಲ್ಲ. ಈ ಹುಡುಗನಿಗೆ ತಿಳಿದಿರಲಾರದೆಂದು ಎಣಿಸಿ, ರೋಜ್ ರೂಮ್ ಎಂಬ ಹಳೆಯ ಗತ್ತನ್ನು ಎತ್ತಿಕೊಂಡನು. ಚಾರ್ಲಿಗೆ ಅದು ಚೆನ್ನಾಗಿ ತಿಳಿದಿತ್ತು. ತನ್ನ ಸರದಿ ಬಂದಾಗ ಅವನು ಸುತ್ತಿನ ಮೇಲೆ ಸುತ್ತಾಗಿ, ಒಮ್ಮೆ ಹೇಳಿದುದನ್ನು ಮತ್ತೆ ಹೇಳದೆ, ಇಪ್ಪತ್ತರಷ್ಟು ಸುತ್ತು ನುಡಿಸಿದನಂತೆ. ಆ ಒಂದು ಗತ್ತೇ ಮುಕ್ಕಾಲು ಗಂಟೆಯ ಸಮೀಪ ನಡೆಯಿತೆಂದು ಹೇಳುತ್ತಾರೆ. ರಾತ್ರಿಗೆ ಎರಡೂವರೆ ಡಾಲರಿನವನ ಸಂಬಳವು ವಾರಕ್ಕೆ 150 ಡಾಲರಿಗೆ ಏರಿತು. ಒಂದು ಕಾಲಕ್ಕೆ ಅರವತ್ತು ರಾತ್ರಿಗಳಾಗಿದ್ದ ವಾದ್ಯದ ಬೆಲೆ ಈಗ ಒಂದು ವಾರದ ಗಳಿಕೆ.

ಅಕ್ಟೋಬರ್ 2ರಂದು ಗುಡ್‌ಮನ್ ಷಟ್ಕದ ಮೊದಲ ಧ್ವನಿಮುದ್ರಣ ನಡೆಯಿತು. ಡಿಸೆಂಬರಿನಲ್ಲಿ ಡೌನ್ ಬೀಟ್ ಎಂಬ ಸಂಗೀತ ಪತ್ರಿಕೆಯಲ್ಲಿ, ಗಿಟಾರ್ ವಾದಕರು ವಿದ್ಯುತ್ ವಾದ್ಯವನ್ನು ಹಿಡಿದು ತಮ್ಮ ಸ್ಥಾನವನ್ನು ತಾವೇ ಗಳಿಸಿಕೊಳ್ಳಬೇಕೆಂಬ ಲೇಖನವು ಚಾರ್ಲಿಯ ಹೆಸರಿನಲ್ಲಿ ಪ್ರಕಟವಾಯಿತು. ಅದೇ ತಿಂಗಳ 24ರಂದು ನ್ಯೂಯಾರ್ಕಿನ ಕಾರ್ನೆಗಿ ಹಾಲಿನಲ್ಲಿ ಅವನು ನುಡಿಸಿದನು. ಇ.ಎಸ್.-150ರ ಜೊತೆಗೆ ಅದಕ್ಕಿಂತ ದೊಡ್ಡದಾದ ಇ.ಎಸ್.-250ನ್ನೂ ಬಳಸತೊಡಗಿದನು. ಹೊಸ ಸಲಕರಣೆ ಬಂದರೂ ಅರಸುತ್ತಿದ್ದ ನಾದ ಮಾತ್ರ ಬದಲಾಗಲಿಲ್ಲ.

ಗುಡ್‌ಮನ್ನನ ಕೆಲಸ ಮುಗಿದ ರಾತ್ರಿಗಳಲ್ಲಿ ಚಾರ್ಲಿಯು ಹಾರ್ಲೆಮಿನ ಮಿಂಟನ್ಸ್ ಪ್ಲೇಹೌಸಿಗೆ ಹೋಗುತ್ತಿದ್ದನು. ಅಲ್ಲಿ ಥೆಲೋನಿಯಸ್ ಮಂಕ್, ಕೆನ್ನಿ ಕ್ಲಾರ್ಕ್, ಡಿಜ್ಜಿ ಗಿಲೆಸ್ಪಿ ಮುಂತಾದ ಎಳೆಯರು ಸೇರಿ, ಮುಂದೆ ಬೀಬಾಪ್ ಎಂದು ಹೆಸರಾದ ಹೊಸ ಬಗೆಯನ್ನು ಹದಗೊಳಿಸುತ್ತಿದ್ದರು. ದಿನವೂ ಹೊತ್ತು ತರುವ ಕಷ್ಟ ಬೇಡವೆಂದು ಅವನಿಗಾಗಿ ಧ್ವನಿವರ್ಧಕವೊಂದನ್ನು ಅಲ್ಲಿಯೇ ಇರಿಸಿದ್ದರಂತೆ. 1941ರ ಮೇ ತಿಂಗಳಲ್ಲಿ ಜೆರ್ರಿ ನ್ಯೂಮನ್ ಎಂಬ ವಿದ್ಯಾರ್ಥಿಯು ತನ್ನ ಯಂತ್ರದಿಂದ ಮುದ್ರಿಸಿಕೊಂಡ ಆ ರಾತ್ರಿಗಳ ವಾದನವು ಇಂದಿಗೂ ಉಳಿದಿದೆ.

ನಿದ್ದೆಗೆಟ್ಟ ಈ ಬದುಕನ್ನು ದೇಹವು ತಾಳಲಿಲ್ಲ. ಮೊದಲೇ ಹತ್ತಿದ್ದ ಕ್ಷಯವು ಮತ್ತೆ ತಲೆಯೆತ್ತಿತು. 1941ರ ಬೇಸಗೆಯಲ್ಲಿ ಅವನನ್ನು ಸ್ಟೇಟನ್ ದ್ವೀಪದ ಸೀ ವ್ಯೂ ಆಸ್ಪತ್ರೆಗೆ ಸೇರಿಸಿದರು. 1942ನೆಯ ಮಾರ್ಚ್ 2ರಂದು ಅಲ್ಲಿಯೇ ಅವನು ಕಣ್ಮುಚ್ಚಿದನು. ಕ್ಷಯಕ್ಕೆ ಮದ್ದಾದ ಸ್ಟ್ರೆಪ್ಟೊಮೈಸಿನ್ ಕಂಡುಬಂದುದು ಮರುವರ್ಷ, 1943ರಲ್ಲಿ. ಇನ್ನೊಂದು ಮದ್ದಾದ ಐಸೊನಿಯಜಿಡ್ಡಿನ ಗುಣವು 1952ರಲ್ಲಿ ಲೋಕಕ್ಕೆ ತಿಳಿದುದು ಅದೇ ಸೀ ವ್ಯೂ ಆಸ್ಪತ್ರೆಯ ರೋಗಿಗಳ ಮೇಲೆ ನಡೆದ ಪ್ರಯೋಗದಿಂದ. ಹತ್ತು ವರ್ಷಗಳ ಅಂತರದಲ್ಲಿ ಒಂದು ಜೀವ ಹೋಯಿತು.

ಅವನು ಹೋದರೂ ಅವನ ಪಿಕಪ್ ಅವನ ಹೆಸರಿನಲ್ಲಿಯೇ ಉಳಿಯಿತು. ಫುಲ್ಲರನು ರೂಪಿಸಿದ ಆ ಅಲಗಿನ ಪಿಕಪ್ಪನ್ನು ಇಂದು ಎಲ್ಲರೂ ಚಾರ್ಲಿ ಕ್ರಿಶ್ಚಿಯನ್ ಪಿಕಪ್ ಎಂದೇ ಕರೆಯುತ್ತಾರೆ. ಅದರ ಮಾದರಿಗಳನ್ನು ಇಂದಿಗೂ ತಯಾರಿಸುತ್ತಾರೆ. ಓಕ್ಲಹೋಮದವನೇ ಆದ ಬಾರ್ನಿ ಕೆಸ್ಸಲ್ ಎಂಬ ಹೆಸರಾಂತ ವಾದಕನು ತನ್ನ ಗಿಟಾರಿಗೆ ಅದನ್ನೇ ಕೂರಿಸಿಕೊಂಡಿದ್ದನು. ಒಂಟಿ ಸುರುಳಿಯಾದುದರಿಂದ ಸುತ್ತಲಿನ ವಿದ್ಯುತ್ ತಂತಿಗಳ ಗುಂಯ್‌ಗುಟ್ಟುವಿಕೆಯನ್ನೂ ಅದು ಹಿಡಿಯುತ್ತದೆ. ಈ ಕುಂದನ್ನು ನೀಗಲು ಗಿಬ್ಸನ್ ಕಂಪನಿಯ ಸೆತ್ ಲವರ್ 1955ರಲ್ಲಿ ಎರಡು ಸುರುಳಿಗಳನ್ನು ವಿರುದ್ಧವಾಗಿ ಜೋಡಿಸಿದ ಹಂಬಕರ್ ಎಂಬುದನ್ನು ರೂಪಿಸಿದನು. ಸುರುಳಿಯ ಸುತ್ತು ಹೆಚ್ಚಿದರೆ ದನಿ ಜೋರಾಗುತ್ತದೆ, ಆದರೆ ಹೊಳಪು ಮಾಸುತ್ತದೆ. ಕುದುರೆಯ ಬಳಿಗೆ ಸರಿಸಿದರೆ ಹರಿತವಾಗುತ್ತದೆ, ಆದರೆ ತುಂಬು ಕಡಿಮೆಯಾಗುತ್ತದೆ. ಒಂದನ್ನು ಪಡೆಯಲು ಇನ್ನೊಂದನ್ನು ಬಿಡಬೇಕು. ಆದುದರಿಂದ ನುರಿತ ವಾದಕನು ಅಂಗಡಿಗೆ ಹೋಗುವ ಮುನ್ನವೇ ತನಗೆ ಬೇಕಾದ ನಾದವನ್ನು ಮನಸ್ಸಿನಲ್ಲಿ ಕೇಳಿಕೊಂಡಿರುತ್ತಾನೆ. ಬೆಲೆಯ ಮಾತು ಆಮೇಲಿನದು. ವೆಸ್ ಮಾಂಟ್‌ಗೊಮರಿಯು ಚಾರ್ಲಿಯ ಧ್ವನಿಮುದ್ರಣಗಳನ್ನು ಸ್ವರ ಬಿಡದೆ ಬಾಯಿಪಾಠ ಮಾಡಿಕೊಂಡೇ ಗಿಟಾರ್ ಕಲಿತವನು. ಆದರೂ ಅವನು ಬಿಲ್ಲೆಯನ್ನು ಬಿಟ್ಟು ಹೆಬ್ಬೆರಳಿನಿಂದ ಮೀಟಿ, ತನ್ನದೇ ಆದ ಇನ್ನೂ ಮೃದುವಾದ ನಾದವನ್ನು ಕಂಡುಕೊಂಡನು.

ಚಾರ್ಲಿಯನ್ನು ಹುಟ್ಟೂರಾದ ಬಾನಮಿನಲ್ಲಿ ಮಣ್ಣುಮಾಡಿದರು. ಅಲ್ಲಿ ಅವನ ಹೆಸರಿನ ಕಲ್ಲು ನಿಂತುದು ಐವತ್ತು ವರ್ಷಗಳ ಮೇಲೆ, 1994ರಲ್ಲಿ. ಧ್ವನಿಮುದ್ರಣಗಳಾದರೋ ಎಲ್ಲರಿಗೂ ದೊರೆಯುತ್ತವೆ. ರಾತ್ರಿ ಕೆಲಸ ತೀರಿಸಿ ಕೋಣೆಗೆ ಮರಳಿದ ವಾಚಕರು, 1941ರ ಮಾರ್ಚ್ 4ರಂದು ಮುದ್ರಿಸಿದ ಸೋಲೋ ಫ್ಲೈಟ್ ಎಂಬುದನ್ನು ಒಮ್ಮೆ ಕೇಳಬೇಕೆಂದು ನಮ್ಮ ಆಸೆ. ಅದರಲ್ಲಿ ಗುಡ್‌ಮನ್ನನ ಇಡೀ ವೃಂದವು ಹಿಂದೆ ನಿಂತು ಜೊತೆ ಕೊಡುತ್ತದೆ. ಮುಂದೆ ನಿಂತು ಮಾತನಾಡುವುದು ಗಿಟಾರ್.