ಕ್ಷ-ಕಿರಣದ ಆವಿಷ್ಕಾರಕ ವಿಲ್‌ಹೆಲ್ಮ್ ಕಾನ್ರಾಡ್ ರಾಂಟ್‌ಜೆನ್

ಮೂಳೆ ಹಾಗೂ ಕೀಲುಗಳ ರೋಗಗಳಲ್ಲಿ ವೈದ್ಯರು ಸಾಮಾನ್ಯವಾಗಿ ಮೊದಲು ಸೂಚಿಸುವ ಪರೀಕ್ಷೆ ಕ್ಷ-ಕಿರಣ ಚಿತ್ರವಾಗಿರುತ್ತದೆ. ಈ ಕಿರಣಗಳನ್ನು ಕಂಡುಹಿಡಿದ ರಾಂಟ್‌ಜೆನ್ ಅವರು 1845ರ ಮಾರ್ಚ್ 27ರಂದು ಜರ್ಮನಿಯ ಲೆನೆಪ್ ಪಟ್ಟಣದಲ್ಲಿ ಬಟ್ಟೆ ವ್ಯಾಪಾರಿಯೊಬ್ಬರ ಪುತ್ರರಾಗಿ ಜನಿಸಿದರು. ಜ್ಯೂರಿಕ್‌ನಲ್ಲಿ ವ್ಯಾಸಂಗ ಮಾಡಿ 1869ರಲ್ಲಿ ಡಾಕ್ಟರೇಟ್ ಪದವಿ ಪಡೆದರು.

1895ರ ನವೆಂಬರ್ 8ರಂದು ವುರ್ಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ, ಕಪ್ಪು ಕಾಗದದಿಂದ ಮುಚ್ಚಿದ ವಿದ್ಯುತ್ ನಳಿಕೆಯ ಸಮೀಪವಿದ್ದ ರಾಸಾಯನಿಕ ಲೇಪಿತ ತೆರೆಯು ಹೊಳೆಯುತ್ತಿರುವುದು ಅವರ ಗಮನಕ್ಕೆ ಬಂದಿತು. ಡಿಸೆಂಬರ್ 22ರಂದು ಪತ್ನಿ ಅನ್ನಾ ಬರ್ತಾ ಅವರ ಕೈಯ ಚಿತ್ರವನ್ನು ತೆಗೆದರು. ಬೆರಳಿನ ಮೂಳೆಗಳೂ ಉಂಗುರವೂ ಅದರಲ್ಲಿ ಮೂಡಿದ್ದವು. ದೇಹವನ್ನು ಕೊಯ್ಯದೆ ಜೀವಂತ ವ್ಯಕ್ತಿಯ ಮೂಳೆಯನ್ನು ನೋಡುವುದು ಅದುವರೆಗೆ ಅಸಾಧ್ಯವಾಗಿತ್ತು.

ಕ್ಯಾಲ್ಸಿಯಂ ಈ ಕಿರಣಗಳನ್ನು ಹೆಚ್ಚಾಗಿ ಹೀರಿಕೊಳ್ಳುವುದರಿಂದ ಫಿಲ್ಮಿನಲ್ಲಿ ಮೂಳೆ ಬೆಳ್ಳಗೆ ಕಾಣುತ್ತದೆ. ಮೃದ್ವಸ್ಥಿ ಕಾಣುವುದಿಲ್ಲ. ಆದರೆ ವಯಸ್ಸು, ಹಳೆಯ ಪೆಟ್ಟು ಅಥವಾ ಅತಿಯಾದ ದೇಹತೂಕದ ಕಾರಣ ಅದು ಸವೆದಾಗ, ಕೀಲಿನ ಮೂಳೆಗಳ ನಡುವಿನ ಅಂತರ ಕಿರಿದಾಗಿರುವುದು ಕಂಡುಬಂದು ಸಂಧಿವಾತ ಪತ್ತೆಯಾಗುತ್ತದೆ. ಮೂಳೆ ಟೊಳ್ಳಾಗುವ ರೋಗದ ಆರಂಭ ಮಾತ್ರ ಸಾಧಾರಣ ಚಿತ್ರದಲ್ಲಿ ತಿಳಿಯದು. ಅದಕ್ಕೆ ಮೂಳೆಯ ಸಾಂದ್ರತೆಯ ಪ್ರತ್ಯೇಕ ಪರೀಕ್ಷೆ ಅಗತ್ಯ.

1901ರಲ್ಲಿ ಭೌತಶಾಸ್ತ್ರದ ಪ್ರಥಮ ನೊಬೆಲ್ ಪ್ರಶಸ್ತಿ ರಾಂಟ್‌ಜೆನ್ ಅವರಿಗೆ ಸಂದಿತು. ಅದರ ಹಣವನ್ನು ವಿಶ್ವವಿದ್ಯಾಲಯಕ್ಕೆ ನೀಡಿದರು. ಆವಿಷ್ಕಾರವು ಸರ್ವರಿಗೂ ದೊರೆಯಲೆಂದು ಪೇಟೆಂಟ್ ಪಡೆಯಲಿಲ್ಲ. ಈ ನಿರ್ಧಾರವು ಆವಿಷ್ಕಾರದಷ್ಟೇ ಮಹತ್ವದ್ದು. ಕೆಲವೇ ತಿಂಗಳುಗಳಲ್ಲಿ ಹಲವು ದೇಶಗಳ ವೈದ್ಯರು ಕ್ಷ-ಕಿರಣವನ್ನು ಬಳಕೆಗೆ ತಂದರು. ಮೊದಲ ಮಹಾಯುದ್ಧದ ನಂತರದ ಹಣದುಬ್ಬರದಲ್ಲಿ ಅವರ ಉಳಿತಾಯ ಕರಗಿಹೋಯಿತು. 1923ರ ಫೆಬ್ರವರಿ 10ರಂದು ಮ್ಯೂನಿಕ್‌ನಲ್ಲಿ ಕರುಳಿನ ಕ್ಯಾನ್ಸರಿನಿಂದ ನಿಧನರಾದರು.