ಕಡವು ದಾಟಿ ಬಂದ ಕವಿ

ಮಂಜೇಶ್ವರದ ಗೋವಿಂದ ಪೈಗಳು (1883-1963) ಮದರಾಸಿನಲ್ಲಿ ಬಿ.ಎ. ಓದುತ್ತಿದ್ದಾಗ ತಂದೆ ತಿಮ್ಮಪ್ಪನವರು ತೀರಿಕೊಂಡರು. ಮಗ ಓದನ್ನು ನಡುವೆಯೇ ಬಿಟ್ಟು ಕರಾವಳಿಗೆ ಮರಳಬೇಕಾಯಿತು. ಬರೆದಿದ್ದ ಇಂಗ್ಲಿಷ್ ಪರೀಕ್ಷೆಗೆ ಚಿನ್ನದ ಪದಕವೇನೋ ಬಂದಿತು, ಪದವಿ ಬರಲಿಲ್ಲ.

ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಅದಕ್ಕೆ ಮೊದಲು ಈ ಸೀಮೆಯಲ್ಲಿ ಸಾವಿನ ಸುದ್ದಿ ಕೇಳಿ ಹೊರಟವನೂ ಕಡವಿನಲ್ಲಿ ದೋಣಿಗಾಗಿ ಕಾದು ನಿಲ್ಲಬೇಕು. ಚಂದ್ರಗಿರಿ, ನೇತ್ರಾವತಿಗಳು ಯಾರ ದುಃಖಕ್ಕೂ ಕಿರಿದಾಗುವ ಹೊಳೆಗಳಲ್ಲ.

ಪೈಗಳು ಆ ಪದವಿಯನ್ನು ಪೂರೈಸಲೇ ಇಲ್ಲ. ಮಂಜೇಶ್ವರದ ಮನೆಯಲ್ಲಿ ಕುಳಿತು ಹಲವು ಭಾಷೆಗಳನ್ನು ಒಲಿಸಿಕೊಂಡರು. ‘ಗಿಳಿವಿಂಡು’ 1930ರಲ್ಲಿ ಹೊರಬಂದಿತು. ಕ್ರಿಸ್ತನ ಕೊನೆಯ ದಿನವನ್ನು ಕುರಿತ ‘ಗೊಲ್ಗೊಥಾ’ ಅವರದೇ. 1949ರಲ್ಲಿ ಅವರನ್ನು ರಾಷ್ಟ್ರಕವಿಯೆಂದು ಗೌರವಿಸಿದ್ದು ಮದರಾಸಿನ ಸರ್ಕಾರವೇ.