ಮೋಟಾರಿಗೆ ಕಿಡಿಯಿತ್ತ ರಾಬರ್ಟ್ ಬಾಷ್

ಬೆಂಗಳೂರಿನ ಮೈಕೋ ಕಾರ್ಖಾನೆಯ ಹೆಸರು ನಮ್ಮ ಹಿರಿಯರಿಗೆ ಚಿರಪರಿಚಿತ. 1951ರಲ್ಲಿ ಸ್ಥಾಪನೆಯಾದ ಆ ಮೋಟಾರ್ ಇಂಡಸ್ಟ್ರೀಸ್ ಕಂಪನಿಯು 2008ರಲ್ಲಿ ಬಾಷ್ ಎಂಬ ಹೆಸರು ತಾಳಿತು. ಆ ಹೆಸರಿನ ಮೂಲಪುರುಷನ ಬಾಳನ್ನು ಸಂಕ್ಷೇಪವಾಗಿ ಓದುಗರ ಮುಂದಿಡಲು ನಾವು ಬಯಸುತ್ತೇವೆ.

ರಾಬರ್ಟ್ ಬಾಷ್ 1861ರ ಸೆಪ್ಟೆಂಬರ್ 23ರಂದು ಜರ್ಮನಿಯ ಉಲ್ಮ್ ಪಟ್ಟಣದ ಸಮೀಪದ ಆಲ್ಬೆಕ್ ಗ್ರಾಮದಲ್ಲಿ ಜನಿಸಿದರು. ಹನ್ನೆರಡು ಮಕ್ಕಳಲ್ಲಿ ಹನ್ನೊಂದನೆಯವರು. ತಂದೆ ಬೇಸಾಯದೊಂದಿಗೆ ವಸತಿಗೃಹವನ್ನೂ ನಡೆಸುತ್ತಿದ್ದರು. ಉಲ್ಮ್‌ನಲ್ಲಿ ಸೂಕ್ಷ್ಮಯಂತ್ರಗಳ ಕೆಲಸ ಕಲಿತ ಬಾಷ್, 1884ರಲ್ಲಿ ಅಮೆರಿಕಕ್ಕೆ ತೆರಳಿ ಎಡಿಸನ್‌ರ ಕಾರ್ಖಾನೆಯಲ್ಲಿಯೂ, ಬಳಿಕ ಇಂಗ್ಲೆಂಡಿನ ಸೀಮೆನ್ಸ್‌ನಲ್ಲಿಯೂ ದುಡಿದರು.

1886ರ ನವೆಂಬರ್ 15ರಂದು ಸ್ಟುಟ್‌ಗಾರ್ಟ್‌ನಲ್ಲಿ ಒಬ್ಬ ಕೆಲಸಗಾರ ಮತ್ತು ಒಬ್ಬ ಹುಡುಗನನ್ನು ಇಟ್ಟುಕೊಂಡು ಪುಟ್ಟ ಕಾರ್ಯಾಗಾರ ತೆರೆದರು. ಮೊದಲ ವರ್ಷಗಳು ಸಾಲದಲ್ಲೇ ಕಳೆದವು. ಒಮ್ಮೆ ಹೆಚ್ಚಿನ ನೌಕರರನ್ನು ಕಳುಹಿಸಿಬಿಡಬೇಕಾಯಿತು. ಗಿರಾಕಿಗಳ ಮನೆಗೆ ಬಾಷ್ ಸೈಕಲ್ಲಿನಲ್ಲಿ ಹೋಗುತ್ತಿದ್ದರು.

ಭಾಗ್ಯ ತೆರೆದದ್ದು ಮ್ಯಾಗ್ನೆಟೋದಿಂದ. ಇಂಜಿನಿನಲ್ಲಿ ಪೆಟ್ರೋಲ್ ಹತ್ತಿಕೊಳ್ಳಲು ಬೇಕಾದ ಕಿಡಿಯನ್ನು ಇದು ಬ್ಯಾಟರಿಯ ನೆರವಿಲ್ಲದೆ ತಾನೇ ಹುಟ್ಟಿಸುತ್ತದೆ. 1897ರಲ್ಲಿ ಮೊದಲ ಬಾರಿಗೆ ಅದನ್ನು ಮೋಟಾರು ವಾಹನಕ್ಕೆ ಅಳವಡಿಸಿದರು. 1902ರಲ್ಲಿ ಅವರ ಸಹೋದ್ಯೋಗಿ ಗಾಟ್ಲೋಬ್ ಹೋನೋಲ್ಡ್ ಸ್ಪಾರ್ಕ್ ಪ್ಲಗ್ಗಿನೊಂದಿಗೆ ಹೈವೋಲ್ಟೇಜ್ ಮ್ಯಾಗ್ನೆಟೋ ರೂಪಿಸಿದರು. ವೇಗದ ಇಂಜಿನುಗಳಿಗೆ ದಾರಿ ಸುಗಮವಾಯಿತು.

ಸಿರಿ ಬಂದಾಗ ಬಾಷ್ ನೌಕರರನ್ನು ಮರೆಯಲಿಲ್ಲ. 1906ರಲ್ಲಿಯೇ ಎಂಟು ಗಂಟೆಗಳ ದುಡಿಮೆಯನ್ನು ಜಾರಿಗೆ ತಂದರು. ಆದರೂ 1913ರಲ್ಲಿ ಅವರ ಕಾರ್ಖಾನೆಯಲ್ಲೇ ಮುಷ್ಕರವಾಯಿತು ಎಂಬುದನ್ನೂ ಹೇಳದಿರಲಾಗದು. 1921ರಲ್ಲಿ ಪುತ್ರ ದೀರ್ಘ ಕಾಯಿಲೆಯಿಂದ ತೀರಿಕೊಂಡದ್ದು ಅವರಿಗೆ ದೊಡ್ಡ ಆಘಾತ.

ಅದೇ 1913ರಲ್ಲಿ ಬಾಷ್ ಕಾರಿಗೆ ಡೈನಮೋ, ರೆಗ್ಯುಲೇಟರ್, ಬ್ಯಾಟರಿ, ಹೆಡ್‌ಲೈಟುಗಳ ಜೋಡಣೆಯನ್ನು ಒಟ್ಟಾಗಿ ಒದಗಿಸಿದರು. ಹೀಗೆ ವಾಹನಕ್ಕೆ ಸ್ವಂತ ವಿದ್ಯುತ್ ಬಂತು. ಬ್ಯಾಟರಿಗೆ ಚಾರ್ಜ್ ಆಗುತ್ತಿದೆಯೇ ಎಂಬುದನ್ನು ಚಾಲಕನಿಗೆ ಅರುಹಲು ಡ್ಯಾಷ್‌ಬೋರ್ಡಿನಲ್ಲಿ ಆಮೀಟರ್ ಬೇಕಾಯಿತು.

ಘಟ್ಟದ ಹಾದಿಯಲ್ಲಿ ಹಳೆಯ ಜೀಪು, ಕಾರುಗಳನ್ನು ಉಳಿಸಿಕೊಂಡವರಿಗೆ ಈ ಮಾತು ಇಂದಿಗೂ ಪ್ರಸ್ತುತ. ಇಂಜಿನ್ ನಿಧಾನವಾಗಿ ಓಡುವಾಗ ಡೈನಮೋ ಕೊಡುವ ವಿದ್ಯುತ್ ಅತ್ಯಲ್ಪ. ಆದ್ದರಿಂದ ಹಲವರು ಆಲ್ಟರ್ನೇಟರ್ ಹಾಕಿಸುತ್ತಾರೆ. ಆದರೆ 30 ಆಂಪಿಯರ್ ತೋರಿಸುವ ಹಳೆಯ ಆಮೀಟರ್ ಮತ್ತು ಅದರ ಸಪೂರ ವೈರಿನಲ್ಲಿ ಹೆಚ್ಚಿನ ಕರೆಂಟ್ ಹರಿದರೆ ಅವು ಕಾದು ಬೆಂಕಿ ಹೊತ್ತಿಕೊಳ್ಳಬಹುದು. ಆಲ್ಟರ್ನೇಟರಿನಿಂದ ಬ್ಯಾಟರಿಗೆ ದಪ್ಪ ವೈರನ್ನು ನೇರವಾಗಿ ಎಳೆದು, ಆಮೀಟರಿನ ಬದಲು ವೋಲ್ಟ್‌ಮೀಟರನ್ನು ಫ್ಯೂಸ್ ಸಹಿತ ಸ್ವಿಚ್ಚಿನ ಮೂಲಕ ಜೋಡಿಸುವುದು ಕ್ಷೇಮ. 12 ವೋಲ್ಟಿನ ವಾಹನದಲ್ಲಿ ಇಂಜಿನ್ ಓಡುವಾಗ ಮುಳ್ಳು ಸುಮಾರು 14ರ ಬಳಿ ನಿಲ್ಲಬೇಕು. ಚಾರ್ಜಿನ ಕೆಂಪು ದೀಪವನ್ನು ಕಿತ್ತುಹಾಕಬಾರದು; ಹಲವು ಆಲ್ಟರ್ನೇಟರುಗಳು ಎಚ್ಚರಗೊಳ್ಳುವುದೇ ಆ ಬಲ್ಬಿನ ಮೂಲಕ ಬರುವ ಕರೆಂಟಿನಿಂದ. ಪಾಸಿಟಿವ್ ಅರ್ತಿಂಗ್ ಇರುವ ಹಳೆಯ ಬ್ರಿಟಿಷ್ ಕಾರುಗಳಲ್ಲಿ ಸಾಮಾನ್ಯವಾಗಿ ಅದನ್ನು ನೆಗೆಟಿವ್‌ಗೆ ಬದಲಿಸಿದ ಮೇಲೆಯೇ ಆಲ್ಟರ್ನೇಟರ್ ಜೋಡಿಸಬೇಕು.

ಬಾಷ್‌ರ ಕೊನೆಯ ವರ್ಷಗಳು ನಾಜಿ ಆಡಳಿತದ ಕತ್ತಲಲ್ಲಿ ಕಳೆದವು. ಅವರು ಹಿಟ್ಲರನ ವಿರೋಧಿಗಳಿಗೆ ನೆರವಾದರು. ಯೆಹೂದ್ಯರ ರಕ್ಷಣೆಗೆ ಶ್ರಮಿಸಿದ ಸಂಸ್ಥೆಯ ಮುಖ್ಯಸ್ಥ ಹಾನ್ಸ್ ವಾಲ್ಜ್‌ರನ್ನು 1969ರಲ್ಲಿ ಇಸ್ರೇಲ್ ಗೌರವಿಸಿತು. ಇಷ್ಟಾದರೂ ಅದೇ ಸಂಸ್ಥೆ ಯುದ್ಧಕ್ಕೆ ಸಾಮಗ್ರಿ ಒದಗಿಸಿತು, ಬಲವಂತದ ಕೂಲಿಗಳನ್ನೂ ದುಡಿಸಿತು. ಸಜ್ಜನನೊಬ್ಬ ಕಟ್ಟಿದ ಮನೆಯೂ ಅಧರ್ಮದ ಕಾಲದಲ್ಲಿ ಕಳಂಕದಿಂದ ಪಾರಾಗಲಾರದು ಎಂಬುದನ್ನು ನಾವು ಮರೆಮಾಚಬಾರದು.

1940ರಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ಅವರ ಹೆಸರಿನ ಆಸ್ಪತ್ರೆ ತೆರೆಯಿತು. 1942ರ ಮಾರ್ಚ್ 12ರಂದು ಬಾಷ್ ನಿಧನರಾದರು. ಅವರ ಇಚ್ಛೆಗೆ ಅನುಗುಣವಾಗಿ 1964ರಲ್ಲಿ ಸಂಸ್ಥೆಯ ಬಹುಪಾಲು ಷೇರುಗಳು ಲೋಕೋಪಕಾರದ ಪ್ರತಿಷ್ಠಾನಕ್ಕೆ ಸೇರಿದವು. ಕೈಕಸುಬು ಕಲಿಯಲು ಹಿಂಜರಿಯುವ ನಮ್ಮ ತರುಣರು ಈ ಹಳ್ಳಿಯ ಹುಡುಗನ ಬಾಳನ್ನು ಒಮ್ಮೆ ಗಮನಿಸಲಿ.